ಔಡಲ ಎಲೆ ಕಟ್ಟಲು ಹೇಳಿದ ಹುಡುಗ

ದೀಪಾವಳಿ ಮುಗಿದ ಮೇಲೆ ಇಪ್ಪತ್ತೆರಡು ದಿನ ಒಬ್ಬ ಹುಡುಗನ ಜೊತೆ ಚಾಟ್ ಮಾಡಿದೆ. ಅವನಿಗೆ ಇಪ್ಪತ್ತೊಂಬತ್ತು. ನನಗೆ ಐವತ್ನಾಲ್ಕು. (ಯಜಮಾನರಿಗೆ ಗೊತ್ತಿದೆ. ನೀವು ಗಾಬರಿಯಾಗಬೇಡಿ.)

ನಡೆದದ್ದು ಇಷ್ಟು. ನನ್ನ ಅಣ್ಣನ ಮಗಳು ಅಶ್ವಿನಿ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಗ್ರಾಮ ಆಡಳಿತಾಧಿಕಾರಿ. ಗೊಳಸಂಗಿ ಕಡೆಯ ಹೊಲಗಳಲ್ಲಿ ತಿರುಗಿ ಬೆಳೆ ಸಮೀಕ್ಷೆ ಮಾಡುವವಳು. ಅರವತ್ತು ದಾಟಿದ ಗೌಡರೂ ಅವಳನ್ನು "ಮೇಡಂ" ಎಂದೇ ಕರೆಯುತ್ತಾರೆ. ಅಂಥವಳಿಗೆ ನಮ್ಮ ಅಣ್ಣ ಗಡುವು ಕೊಟ್ಟಿದ್ದ. ಯುಗಾದಿಯೊಳಗೆ ತಾನೇ ಒಬ್ಬನನ್ನು ಹುಡುಕಿಕೊಳ್ಳಬೇಕು. ಇಲ್ಲದಿದ್ದರೆ ಹೊರ್ತಿಯಲ್ಲಿರುವ ಬಳಗದ ಹುಡುಗನ ಜೊತೆ ನಿಶ್ಚಯ. ಆ ಹುಡುಗ ಒಳ್ಳೆಯವನೇ. ಅಶ್ವಿನಿಗೆ ಅವನು ಬೇಡ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಬೇಕೇ?

ಹಾಗಾಗಿ ಮದುವೆಯ ಆ್ಯಪ್. ಅದರೊಳಗೆ ಹೊಕ್ಕರೆ ಏನಿದೆ? "ಹಾಯ್." "ಹಾಯ್ ಡಿಯರ್." ಅರ್ಧ ಗಂಟೆ ಉತ್ತರ ಬರದಿದ್ದರೆ ಮೂರು ಪ್ರಶ್ನಾರ್ಥಕ ಚಿಹ್ನೆ. ಹೆಸರು ಕೂಡ ಹೇಳದವನು ಮೊದಲ ಮಾತಿಗೇ ಇನ್ನೊಂದು ಫೋಟೋ ಕಳಿಸು ಅನ್ನುತ್ತಾನೆ. ಒಬ್ಬನಂತೂ, ಆನ್‌ಲೈನ್ ಇದ್ದೂ ರಿಪ್ಲೈ ಇಲ್ಲ, ಭಾಳ ಸೊಕ್ಕ ಐತಿ ಎಂದು ತೀರ್ಪನ್ನೇ ಕೊಟ್ಟಿದ್ದ. (ನಮ್ಮ ಇಂಡಿ ಊರಿನವನೇ. ತಲೆ ತಗ್ಗಿಸಿದೆ.)

ಇದೇ ಹುಡುಗರು ನಮ್ಮ ಮನೆಗೆ ಬಂದರೆ ಹೇಗಿರುತ್ತಾರೆ? ಚಪ್ಪಲಿ ಹೊರಗೆ ಬಿಟ್ಟು, "ಮನ್ಯಾಗ ಯಾರದೀರಿ?" ಎಂದು ಕೂಗಿ, ಒಳಗೆ ಕರೆದ ಮೇಲೆ ಬಂದು, ಯಾವ ಊರು, ಯಾರ ಪೈಕಿ ಎಂದು ಹೇಳಿ ಕೂರುತ್ತಾರೆ. ಕೈಗೆ ಫೋನು ಬಂದ ಕೂಡಲೇ ಹೊಸ್ತಿಲು ಕಾಣಿಸುವುದಿಲ್ಲವೇ?

ಅಶ್ವಿನಿ ಬೇಸತ್ತು ಪಾಸ್‌ವರ್ಡನ್ನು ನನ್ನ ಕೈಗಿಟ್ಟಳು. ನನಗೆ ಸಾಕಾಗಿದೆ, ನೀವೇ ನೋಡ್ರಿ ಅತ್ತಿ ಅಂದಳು. ನೋಡ್ರಿ ಅಂದಳು. ಮಾತಾಡ್ರಿ ಅನ್ನಲಿಲ್ಲ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಕನ್ನಡ ಕಲಿಸಿದ ನನಗೆ ಆ ವ್ಯತ್ಯಾಸ ತಿಳಿಯಲಿಲ್ಲ. (ತಿಳಿಯಿತು. ತಿಳಿಯದವಳ ಹಾಗೆ ಇದ್ದೆ.)

ಎರಡನೇ ದಿನವೇ ಒಂದು ಮೆಸೇಜ್ ಬಂತು. "ನಮಸ್ಕಾರ. ನನ್ನ ಹೆಸರು ಪ್ರವೀಣ. ಊರು ನಾಲತವಾಡ. ಸಿಂದಗಿಯಲ್ಲಿ ಪಶು ಆಸ್ಪತ್ರೆಯಲ್ಲಿ ನೌಕರಿ. ಬಿಡುವಾದಾಗ ಉತ್ತರಿಸಿ. ಮನಸ್ಸಿಲ್ಲ ಎಂದರೂ ಬೇಸರವಿಲ್ಲ."

ಕೆಂಪು ಪೆನ್ನು ಇದ್ದಿದ್ದರೆ ಹತ್ತಕ್ಕೆ ಹತ್ತು ಹಾಕುತ್ತಿದ್ದೆ. ಅಶ್ವಿನಿಯ ಹೆಸರಿನಲ್ಲಿ ನಾನೇ ಉತ್ತರ ಕುಟ್ಟಿದೆ.

ಎಂಥ ಹುಡುಗ ಅಂತೀರಿ! ಬೆಳಗ್ಗೆ ಐದೂವರೆಗೆ ದಾಸವಾಳದ ಚಿತ್ರದ ಜೊತೆ ಶುಭೋದಯ. ಸಂಜೆ ಧಾರಾವಾಹಿಯ ಹೊತ್ತಿಗೆ ಒಂದೂ ಮೆಸೇಜ್ ಇಲ್ಲ. ನನಗೆ ತೊಂದರೆ ಕೊಡಬಾರದೆಂದು ಸುಮ್ಮನಿದ್ದಾನೆ ಅಂದುಕೊಂಡೆ. ಒಮ್ಮೆ ಮೈಮರೆತು ಮೊಣಕಾಲು ನೋವು ಎಂದು ಬರೆದುಬಿಟ್ಟೆ. ಔಡಲ (ಹರಳು ಗಿಡದ) ಎಲೆ ಬಿಸಿ ಮಾಡಿ ಕಟ್ಟಿಕೊಳ್ಳಿ, ಎರಡೇ ದಿನದಲ್ಲಿ ಹಗುರಾಗುತ್ತದೆ ಎಂದು ತಕ್ಷಣ ಉತ್ತರ ಬಂತು. ಕಟ್ಟಿಕೊಂಡೆ. ಹಗುರಾಯಿತು. ಇಂಥ ಅಳಿಯ ಎಲ್ಲಿ ಸಿಗುತ್ತಾನೆ?

ಇಪ್ಪತ್ತೆರಡನೇ ದಿನ, ಒಮ್ಮೆ ಭೇಟಿಯಾಗೋಣವೇ ಎಂದು ಆ ಕಡೆಯಿಂದ ಪ್ರಶ್ನೆ. ಈಗ ಅಶ್ವಿನಿಗೆ ಹೇಳದೆ ವಿಧಿಯಿಲ್ಲ.

ರವಿವಾರ ಅವಳು ಇಂಡಿಗೆ ಬಂದಳು. ನಮ್ಮ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಓದಿದಳು. ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಕಣ್ಣು ತುಂಬಿಬಂತು.

"ಅತ್ತಿ, ಅಪ್ಪ ನನ್ನ ಕೇಳಲಾರದೇ ಹುಡುಗನ್ನ ಗೊತ್ತು ಮಾಡ್ಯಾರ. ನೀವು ನನ್ನ ಕೇಳಲಾರದೇ ನನ್ನ ಮಾತು ಆಡೀರಿ. ಏನ್ ಫರಕ್ ಆತ್ರಿ?"

ಬಾಗಿಲು ಬಡಿದವರು ಮೊದಲು ತಾವು ಯಾರೆಂದು ಹೇಳಬೇಕು ಎಂದು ಊರಿಗೆಲ್ಲ ಉಪದೇಶ ಮಾಡುವವಳು ನಾನು. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬಂತಾಗಿತ್ತು ನನ್ನ ಕತೆ. ನಾಚಿಕೆಯಾಯಿತು.

ಅವಳು ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿದಳು. ಈಗ ನಿಜವಾಗಿಯೂ ನಗು ಬಂತು. "ಇಪ್ಪತ್ತೊಂಬತ್ತು ವರ್ಷದಾಂವ ಔಡಲ ಎಲಿ ಕಟ್ಕೋರಿ ಅಂತಾನೇನ್ರಿ? ಆ ಕಡೆನೂ ಯಾರೋ ಒಬ್ಬಾಕಿ ಅತ್ತಿ ಕುಂತಾಳ."

ಅಲ್ಲೇ ಕೂತು ಬರೆದಳು. ನಾನು ಅಶ್ವಿನಿ, ಇಷ್ಟು ದಿನ ನನ್ನ ಹೆಸರಿನಲ್ಲಿ ಬರೆದವರು ನಮ್ಮ ಅತ್ತೆ, ತಪ್ಪು ನಮ್ಮದು, ಕ್ಷಮಿಸಿ, ಆ ಕಡೆ ಇರುವವರು ಯಾರು ಎಂದು. ಮುಕ್ಕಾಲು ಗಂಟೆ ಕಾದೆವು. ನಾನು ಎರಡು ಸಲ ಚಹಾ ಮಾಡಿದೆ. ಕೊನೆಗೆ ಬಂತು.

"ನಾನು ಪ್ರವೀಣನ ತಾಯಿ ಶಾಂತಾ. ಮಗನಿಗೆ ದನಗಳ ಲಸಿಕೆ ಕೆಲಸ, ಪುರುಸೊತ್ತಿಲ್ಲ ಎಂದು ನಾನೇ ಬರೆದೆ. ಅವನಿಗೆ ಗೊತ್ತಿಲ್ಲ. ಈಗ ಹೇಳುತ್ತೇನೆ. ನಿಮ್ಮ ಅತ್ತೆಯ ಮೊಣಕಾಲು ಹೇಗಿದೆ?"

ಮರುದಿನ ನಿಜವಾದ ಪ್ರವೀಣ ಬರೆದ. ಅವ್ವ ಬರೆದದ್ದರಲ್ಲಿ ತನ್ನದು ಒಂದು ಮಾತೂ ಇಲ್ಲ, ಒಪ್ಪಿದರೆ ಮೊದಲಿನಿಂದ ಶುರು ಮಾಡೋಣ, ಬೇಡ ಎಂದರೆ ಇನ್ನು ಬರೆಯುವುದಿಲ್ಲ ಎಂದು. ಅಶ್ವಿನಿ ಸಮೀಕ್ಷೆಗೆಂದು ಹೊಲ ತಿರುಗುತ್ತಿದ್ದಳು. ಎರಡು ದಿನ ಉತ್ತರಿಸಲಾಗಲಿಲ್ಲ. ಆ ಎರಡು ದಿನ ಅವನಿಂದ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಬರಲಿಲ್ಲ. ಅದಕ್ಕೇ ಉತ್ತರ ಕೊಟ್ಟೆ ಎಂದು ಅವಳು ಆಮೇಲೆ ನನಗೆ ಹೇಳಿದಳು.

ಅಲ್ಲಿಂದ ಅವರ ಮಾತು ಅವರದು. ನನ್ನ ಕೈಯಿಂದ ಪಾಸ್‌ವರ್ಡ್ ಕಿತ್ತುಕೊಳ್ಳಲಾಯಿತು. ನಾಲತವಾಡದಲ್ಲೂ ಅದೇ ಶಿಕ್ಷೆ.

ಯುಗಾದಿಗೆ ವಾರವಿದೆ ಎನ್ನುವಾಗ ಅಣ್ಣ ಊಟಕ್ಕೆ ಕೂತಲ್ಲಿ ಹೊರ್ತಿಯ ಹುಡುಗನ ಮಾತು ತೆಗೆದ. ಮನೆಮಂದಿಯೆಲ್ಲ ಇದ್ದೆವು. ಅಶ್ವಿನಿ ದನಿ ಏರಿಸಲಿಲ್ಲ.

"ಅಪ್ಪಾ, ಗಡುವು ತಗದಿಡ್ರಿ. ಒಬ್ಬ ಹುಡುಗನ ಜೋಡಿ ಮಾತಾಡಾಕತ್ತೇನಿ. ಹೂಂ ಅನ್ನೂದು, ಒಲ್ಲೆ ಅನ್ನೂದು ನಾನೇ ಹೇಳ್ತೇನಿ."

ಯಾರ ಮಾತಿಗೂ ಬಗ್ಗದ ನಮ್ಮ ಅಣ್ಣ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟ. "ಆತವ್ವ, ನಿನ್ನ ಮರ್ಜಿ" ಅಂದ. ನಮ್ಮ ಮನೆತನದ ಹೆಣ್ಣುಮಗಳೊಬ್ಬಳು ಮದುವೆಯ ವಿಷಯದಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನ್ನ ಮದುವೆಯಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಅಲ್ಲೇ ಎದ್ದು ಸೀಟಿ ಹೊಡೆಯಬೇಕು ಅನ್ನಿಸಿತು. (ಹೊಡೆಯಲು ಬರುವುದಿಲ್ಲ.)

ಕಳೆದ ರವಿವಾರ ಇಬ್ಬರೂ ಬಾಗೇವಾಡಿಯಲ್ಲಿ ಭೇಟಿಯಾದರು. ಹಿರಿಯರಿಗೆ ಪ್ರವೇಶವಿರಲಿಲ್ಲ. ಇಂಡಿಯಲ್ಲಿ ನಾನು, ನಾಲತವಾಡದಲ್ಲಿ ಶಾಂತಕ್ಕ, ಈಗ ಸ್ವಂತ ಹೆಸರಿನಲ್ಲಿ ಮೆಸೇಜ್ ಮಾಡುತ್ತ ದಿನ ತಳ್ಳಿದೆವು. ಸಂಜೆ ಅಶ್ವಿನಿಯ ಫೋನ್ ಬಂತು. "ಅತ್ತಿ, ಹೂಂ ಅಂದೇನ್ರಿ." ಅಷ್ಟೇ ಹೇಳಿದಳು. ಮೊಣಕಾಲು ಮರೆತು ಒಂದು ಸುತ್ತು ಕುಣಿದೆ.

ನಿನ್ನೆ ಮನೆಗೆ ಬಂದಾಗ, ಅಷ್ಟು ದಿನ ಏನು ಮಾತಾಡಿಕೊಂಡಿರಿ, ಸ್ವಲ್ಪ ತೋರಿಸೇ ಅಂದೆ. ನಕ್ಕು ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಅಂದ ಹಾಗೆ, ನಿಮ್ಮ ಮನೆಯ ಹುಡುಗಿಯ ಫೋನು ಈಗ ಯಾರ ಕೈಯಲ್ಲಿದೆ?