ಜೂರಾಕಾನ್ ಕಲಿತ ಕಾರು

ತಾಶ್-ಬುಲಾಕ್ ಹಳ್ಳಿಯಲ್ಲಿ ಜುಮಾದಿಲನ ಕಾರನ್ನು ಅವನ ಹೊರತು ಇನ್ನೊಬ್ಬರು ಓಡಿಸಿದ್ದಿಲ್ಲ. ಬೂದು ಬಣ್ಣದ, ಉದ್ದ ಬೆನ್ನಿನ ಜಪಾನಿ ಕಾರು ಅದು. ಆ ದೇಶದಲ್ಲೇ ಹಳೆಯದಾಗಿ ಆಮೇಲೆ ಹಡಗು ಹತ್ತಿ ಬಂದದ್ದು. ಹಾಗಾಗಿ ಅದರ ಸ್ಟೇರಿಂಗ್ ಬಲಗಡೆಗಿತ್ತು. ಕಿರ್ಗಿಜ್ ನಾಡಿನಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಓಡಿಸುವವನು ಎಡಗಡೆ ಕೂರುತ್ತಾನೆ. ಇಂಥ ಉಲ್ಟಾ ಕಾರಿನಲ್ಲಿ ಮುಂದಿನ ಲಾರಿಯನ್ನು ದಾಟಬೇಕಾದರೆ ಎಡಗಡೆ ಕೂತವರೇ ಇಣುಕಿ ನೋಡಿ ಹೇಳಬೇಕು. ಇಷ್ಟು ವರ್ಷ ಹಾಗೆ ಕತ್ತು ಚಾಚಿ "ಖಾಲಿ ಇದೆ, ಹೋಗು" ಎನ್ನುವ ಕೆಲಸ ಹೆಂಡತಿ ಜೂರಾಕಾನಳದು. ಕಾರಿನ ವಿಷಯದಲ್ಲಿ ಅವಳಿಗೆ ಬರುತ್ತಿದ್ದದ್ದು ಅಷ್ಟೇ.

ಅವಳು ಹಳ್ಳಿ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ದೊಡ್ಡ ಕಡಾಯಿಯಲ್ಲಿ ನೂಡಲ್ ಸಾರು ಕುದಿಸಿ, ಗದ್ದಲದ ಮಕ್ಕಳ ಗುಂಪನ್ನು ಒಂದು ಸೌಟು ತೋರಿಸಿ ಸಾಲಿಗೆ ತರುವ ಗಟ್ಟಿ ಹೆಂಗಸು. ಗಂಡ ಕುರಿಗಳಿಗೆ ಸೂಜಿಮದ್ದು ಹಾಕುವ ಕೆಲಸದಲ್ಲಿದ್ದ. ಸುತ್ತಲ ಹುಲ್ಲುಗಾವಲುಗಳಿಗೆಲ್ಲ ಅದೇ ಕಾರಿನಲ್ಲಿ ತಿರುಗುತ್ತಿದ್ದ. ಮಹಾ ಮಾತುಗಾರ. ಮದುವೆಯಾಗಲಿ, ಮಗುವಿಗೆ ಹೆಸರಿಡುವುದಾಗಲಿ, ಬಟ್ಟಲು ಎತ್ತಿ ಹರಸುವ ಮೊದಲ ಮಾತು ಜುಮಾದಿಲನ ಬಾಯಿಂದಲೇ ಬರಬೇಕು ಎಂದು ಊರವರು ಕಾಯುತ್ತಿದ್ದರು. ಒಮ್ಮೆ ಜೂರಾಕಾನ್ ತನಗೂ ಕಾರು ಕಲಿಸು ಎಂದು ಕೇಳಿದ್ದಳು. ಅವನು ನಕ್ಕಿದ್ದ. "ನಾನಿದ್ದೀನಲ್ಲ ಬೈಬಿಚೆ, ನಿಂಗ್ಯಾಕೆ ಈ ತಲೆನೋವು?" ಎಂದಿದ್ದ. ಬೈಬಿಚೆ ಎಂದರೆ ಮನೆಯೊಡತಿ. ಅವನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಒಡತಿ ಅಂದ ಮೇಲೆ ಇನ್ನೇನು ಕೇಳುವುದೆಂದು ಅವಳೂ ಸುಮ್ಮನಾಗಿದ್ದಳು.

ಆಲೂಗಡ್ಡೆ ಅಗೆಯುವ ಕಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಹೊಲದಲ್ಲಿ ಚೀಲ ಎತ್ತಲು ಬಗ್ಗಿದವನು ಹಾಗೇ ಪಕ್ಕಕ್ಕೆ ವಾಲಿ ಕೂತುಬಿಟ್ಟ. ಬಲಗೈ, ಬಲಗಾಲು ಎರಡೂ ಸೋತವು. ಮಾತೂ ಹೋಯಿತು. ಪೂರ್ತಿ ಹೋಗಿದ್ದರೆ ಒಂದು ಲೆಕ್ಕ. ಒಂದೇ ಒಂದು ಪದ ಉಳಿಯಿತು, "ಇಲ್ಲ". ಚಹಾ ಬೇಕೇ ಎಂದರೆ "ಇಲ್ಲ" ಎನ್ನುತ್ತಿದ್ದ, ಕೊಟ್ಟರೆ ಕುಡಿಯುತ್ತಿದ್ದ. ನೋವಿದೆಯೇ ಎಂದರೆ "ಇಲ್ಲ" ಎನ್ನುತ್ತ ಕಣ್ಣೀರು ಹಾಕುತ್ತಿದ್ದ. ಬೇಕು, ಬೇಡ, ಬಾ, ಹೋಗು, ಎಲ್ಲಕ್ಕೂ ಅದೊಂದೇ. ಅವನ ಕಣ್ಣು, ಹುಬ್ಬು, ಸ್ವರದ ಏರಿಳಿತ ನೋಡಿ ಅವಳು ಅರ್ಥ ಊಹಿಸಬೇಕಾಗಿತ್ತು. ಎಷ್ಟೋ ಸಲ ಊಹೆ ತಪ್ಪುತ್ತಿತ್ತು. ಆಗ ಅವನು ಗೋಡೆ ಕಡೆ ಮುಖ ತಿರುಗಿಸುತ್ತಿದ್ದ.

ವಾರಕ್ಕೊಮ್ಮೆ, ಗುರುವಾರ, ಅವನನ್ನು ದೊಡ್ಡ ಊರಾದ ಕೊಚ್ಕೋರಿನ ಆಸ್ಪತ್ರೆಗೆ ಕರೆತರಬೇಕೆಂದು ವೈದ್ಯರು ಹೇಳಿದರು. ಅಲ್ಲಿ ಕೈಕಾಲು ತಿಕ್ಕಿ, ಎತ್ತಿ ಇಳಿಸಿ ವ್ಯಾಯಾಮ ಮಾಡಿಸುತ್ತಾರೆ. ಊರಿನ ಬಾಡಿಗೆ ವ್ಯಾನಿನ ಮೆಟ್ಟಿಲು ಎತ್ತರ. ಅವನ ಕಾಲು ಅಲ್ಲಿಗೆ ಏರುತ್ತಿರಲಿಲ್ಲ. ಮೊದಲ ಕೆಲವು ವಾರ ಮೈದುನ ತೊಲೊಗೊನ್ ತನ್ನ ಕಾರಿನಲ್ಲಿ ಕರೆದೊಯ್ದ. ಆದರೆ ಅವನು ಕುರಿ ಸಾಕುವವನು, ಹಿಮ ಬೀಳುವ ಮೊದಲು ಮಂದೆ ಹೊಡೆದುಕೊಂಡು ಚಳಿಗಾಲದ ಬೀಡಿಗೆ ಹೋಗಲೇಬೇಕು. ಹೋಗುವ ಮುಂಚೆ ಅಣ್ಣನ ಕಾರಿನ ಬೀಗದ ಕೈ ತಂದು ಅತ್ತಿಗೆಯ ಮುಂದೆ ಇಟ್ಟ.

"ಜೆಂಗೆ, ನೀನೇ ಕಲೀಬೇಕು. ಬೇರೆ ದಾರಿ ಇಲ್ಲ," ಎಂದ. ಅತ್ತಿಗೆಯನ್ನು ಅಲ್ಲಿ ಜೆಂಗೆ ಎನ್ನುತ್ತಾರೆ. ಅತ್ತಿಗೆ ಮೈದುನ ಒಬ್ಬರ ಕಾಲು ಒಬ್ಬರು ಎಳೆಯುವುದಂತೂ ಹಿರಿಯರಿಂದ ಬಂದದ್ದೇ.

"ಮುದುಕೀನ ಸ್ಟೇರಿಂಗ್ ಮುಂದೆ ಕೂರಿಸ್ತೀಯಾ? ಊರ ಕೋಳಿಗಳಿಗೆ ಮೊದ್ಲು ಹೇಳಿಬಿಡು," ಎಂದಳು ಜೂರಾಕಾನ್. ಹಾಗಂದರೂ ಅವಳ ಕೈ ಏಪ್ರನ್ನಿನ ಅಂಚನ್ನು ಹಿಡಿದೇ ಇತ್ತು.

ಪಾಠ ನಡೆದದ್ದು ಆಲೂಗಡ್ಡೆ ತೆಗೆದ ಖಾಲಿ ಹೊಲದಲ್ಲಿ. ಕಾರು ಹೊರಡುವ ಸದ್ದು ಕೇಳಿ ಜುಮಾದಿಲ್ ಕಿಟಕಿಯಿಂದ "ಇಲ್ಲ ಇಲ್ಲ" ಎಂದು ಕೂಗತೊಡಗಿದ್ದರಿಂದ ಅವನನ್ನೂ ಎತ್ತಿ ತಂದು ಎಡಗಡೆಯ ಸೀಟಿನಲ್ಲಿ ಕೂರಿಸಿದರು. ತೊಲೊಗೊನ್ ಹಿಂದಿನಿಂದ ಇಬ್ಬರ ಮಧ್ಯೆ ತಲೆ ತೂರಿಸಿದ. ಬೀಗದ ಕೈ ತಿರುಗಿಸಿದೊಡನೆ ಎಂದಿನಂತೆ ಕಾರಿನೊಳಗಿಂದ ಒಂದು ಹೆಣ್ಣು ದನಿ ಜಪಾನಿ ಭಾಷೆಯಲ್ಲಿ ಏನೋ ವಿನಯವಾಗಿ ಹೇಳಿತು.

"ಒಳ್ಳೇ ಮೂರು ಜನ ಸೇರಿದ್ರಿ," ಎಂದ ತೊಲೊಗೊನ್. "ಮಾತಾಡೋಳು ಯಾರಿಗೂ ಅರ್ಥ ಆಗಲ್ಲ, ಕಾರು ಗೊತ್ತಿರೋನು ಮಾತಾಡಲ್ಲ, ಓಡಿಸೋಳಿಗೆ ಏನೂ ಗೊತ್ತಿಲ್ಲ."

ಆಮೇಲೆ ಪೆಡಲುಗಳ ಸರದಿ. ಕ್ಲಚ್ ಇಲ್ಲ, ಇರುವುದು ಎರಡೇ. ಅಗಲವಾದದ್ದು ನಿಲ್ಲಿಸಲು, ಕಿರಿದಾದದ್ದು ಓಡಿಸಲು, ಎರಡಕ್ಕೂ ಬಲಗಾಲೊಂದೇ. ಎಡಗಾಲನ್ನು ಮನೆಯಲ್ಲೇ ಬಿಟ್ಟು ಬಂದೆ ಎಂದು ತಿಳಿದುಕೋ ಎಂದ. ಅವಳು ತಿಳಿದುಕೊಂಡಳು. ಆದರೆ ಹೆದರಿದಾಗ ಎಡಗಾಲು ತಾನಾಗಿ ಎದ್ದು ಬ್ರೇಕಿನ ಮೇಲೆ ಬೀಳುತ್ತಿತ್ತು, ಮೂವರ ಹಣೆಯೂ ಮುಂದಕ್ಕೆ ಹೋಗುತ್ತಿತ್ತು. ಗೇರಿನ ಕಂಬಿಯ ಪಕ್ಕದ ಅಕ್ಷರಗಳು ಇನ್ನೊಂದು ಕಾಟ. ಹಿಂದಕ್ಕೆ ಹೋಗಲು ಕಂಬಿಯನ್ನು 'ರ' ಅಕ್ಷರಕ್ಕೆ ತಾ ಎಂದ ಮೈದುನ. ಮೇಲ್ತುದಿಯಲ್ಲಿದ್ದ ಅಕ್ಷರ ಇಂಗ್ಲಿಷಿನ 'ಪಿ', ಗಾಡಿ ನಿಲ್ಲಿಸಿಡುವುದಕ್ಕೆ. ಜೂರಾಕಾನ್ ಶಾಲೆಯಲ್ಲಿ ಕಲಿತ ರಷ್ಯನ್ ಲಿಪಿಯಲ್ಲಿ ಅದೇ ಆಕಾರವನ್ನು 'ರ' ಎಂದು ಓದುತ್ತಾರೆ. ಅವಳು ಕಂಬಿಯನ್ನು ಅಲ್ಲೇ ಬಿಟ್ಟು ಕಿರಿಯ ಪೆಡಲನ್ನು ಒತ್ತಿದಳು. ಕಾರು ಗರ್ಜಿಸಿತು, ಕದಲಲಿಲ್ಲ. ಇನ್ನಷ್ಟು ಒತ್ತಿದಳು. ಜುಮಾದಿಲ್ ಎಡಗೈಯಿಂದ ತೊಡೆ ಬಡಿದುಕೊಂಡು "ಇಲ್ಲ, ಇಲ್ಲ, ಇಲ್ಲ" ಎಂದ. ಈ ಸಲ ಅದರ ಅರ್ಥ ಎಲ್ಲರಿಗೂ ಗೊತ್ತಾಯಿತು.

ತಿರುಗುವ ಮುಂಚೆ ಎಡಗೈ ಪಕ್ಕದ ಕಡ್ಡಿ ಒತ್ತಿದರೆ ಇಂಡಿಕೇಟರ್ ಎಂದು ತೊಲೊಗೊನ್ ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಮಾಡಿದಳು. ನೀಲಿ ಆಕಾಶ, ಮುಖಕ್ಕೆ ಹೊಡೆಯುವ ಬಿಸಿಲು. ವೈಪರುಗಳು ಒಣ ಗಾಜನ್ನು ಕಿರ್ರ್ ಕಿರ್ರ್ ಎಂದು ಉಜ್ಜತೊಡಗಿದವು. ತೊಲೊಗೊನನ ಕಾರಿನಲ್ಲಿ ಎಡಕ್ಕಿರುವುದು ಈ ಉಲ್ಟಾ ಕಾರಿನಲ್ಲಿ ಬಲಕ್ಕಿತ್ತು. ಕಲಿಸುವವನೇ ತಪ್ಪಿದ್ದನ್ನು ನೋಡಿ ಜುಮಾದಿಲ್ ನಕ್ಕ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅರ್ಧ ಮುಖ ಮಾತ್ರ ನಕ್ಕಿತು. ಜೂರಾಕಾನ್ ಆ ಕಡ್ಡಿಯನ್ನು ಬೇಕೆಂದೇ ಇನ್ನೊಮ್ಮೆ ಒತ್ತಿದಳು.

ತೊಲೊಗೊನ್ ಮಂದೆಯೊಂದಿಗೆ ಹೊರಟುಹೋದ. ಆಮೇಲಿನ ಗುರುವಾರ ಅವಳೇ ಗಂಡನಿಗೆ ಕೋಟು ತೊಡಿಸಿ, ಬಿಳಿ ಉಣ್ಣೆಯ ಟೋಪಿ ಇಟ್ಟು, ತೋಳಿನಡಿ ಹೆಗಲು ಕೊಟ್ಟು ಕಾರಿಗೆ ಹತ್ತಿಸಿದಳು. ಕೊಚ್ಕೋರಿನ ತನಕ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಹಿಟ್ಟಿನ ಪಾತ್ರೆಯಂತೆ ಅವುಚಿಕೊಂಡು ಹೋದಳು. ಹಿಂದಿನಿಂದ ಬಂದವರೆಲ್ಲ ಹಾರ್ನ್ ಹೊಡೆದು ದಾಟಿದರು. ತಲುಪಿ ಎಂಜಿನ್ ಆರಿಸಿದ ಮೇಲೆ ಬಹಳ ಹೊತ್ತು ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಲೈಸೆನ್ಸು ಸಿಕ್ಕಿದ್ದು ಆ ಚಳಿಗಾಲದ ಕೊನೆಗೆ. ಅಲ್ಲಿಯವರೆಗೆ ದಾರಿಯಲ್ಲಿ ಪೊಲೀಸರು ಎದುರಾಗದಿರಲೆಂದು ಬಾಯೊಳಗೇ ಪ್ರಾರ್ಥನೆ ಹೇಳಿಕೊಂಡು ಓಡಿಸಿದಳು.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಬಾಧಿಸಿದ ವಿಷಯ ಬೇರೆ. ಪಕ್ಕದಲ್ಲಿ ಕೂತವನಿಗೆ ಆ ಕಾರಿನ ಪ್ರತಿಯೊಂದು ಗುಂಡಿಯೂ ಗೊತ್ತು. ಯಾವುದನ್ನು ಒತ್ತಬೇಕು, ಯಾವಾಗ ಕಾಲು ತೆಗೆಯಬೇಕು, ಎಲ್ಲ ಅವನ ತಲೆಯಲ್ಲಿದೆ. ಹೊರಬರುವುದು ಒಂದೇ ಪದ. ಗುಂಡಿಗಳೆಲ್ಲ ಇಬ್ಬರ ನಡುವೆ, ಅವನ ಬಲಕ್ಕೆ, ಸೋತ ಕೈಯ ಕಡೆಗೇ ಇದ್ದವು. ಎಲ್ಲರ ಕಾರುಗಳಂತೆ ಇದೂ ಇದ್ದಿದ್ದರೆ ಅವನು ಬಲಗಡೆ ಕೂರುತ್ತಿದ್ದ, ಚೆನ್ನಾಗಿರುವ ಎಡಗೈಗೆ ಎಲ್ಲವೂ ಎಟುಕುತ್ತಿತ್ತು. ಈ ಯೋಚನೆ ಬಂದಾಗಲೆಲ್ಲ ಅವಳಿಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯುತ್ತಿರಲಿಲ್ಲ.

ಹಿಮ ಬೀಳಲು ಶುರುವಾದ ಒಂದು ಗುರುವಾರ ಅವರು ಆಸ್ಪತ್ರೆಗೆ ಹೊರಟಿದ್ದರು. ಮಳೆಯೂ ಅಲ್ಲದ, ಪೂರ್ತಿ ಹಿಮವೂ ಅಲ್ಲದ ಹಸಿ ಹನಿ ಗಾಳಿಯೊಂದಿಗೆ ಬೀಳುತ್ತಿತ್ತು. ಊರು ದಾಟಿ ನದಿಯ ಪಕ್ಕದ ಇಳಿಜಾರಿಗೆ ಬಂದಾಗ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟಿತು. ಅವಳು ತೋಳಿನಿಂದ ಒರೆಸಿದಳು; ಒರೆಸಿದಷ್ಟೇ ಬೇಗ ಮತ್ತೆ ಕಟ್ಟಿತು. ಗಾಜಿನ ಚಿತ್ರವಿದ್ದ ಒಂದು ಗುಂಡಿ ಒತ್ತಿದಳು, ಏನೂ ಆಗಲಿಲ್ಲ. ಇನ್ನೊಂದನ್ನು ಒತ್ತಿದರೆ ರೇಡಿಯೋ ಅರಚಿತು. ಮತ್ತೊಂದಕ್ಕೆ ಕಾರಿನ ನಾಲ್ಕೂ ಮೂಲೆಯ ದೀಪಗಳು ಮಿನುಗತೊಡಗಿದವು. ಎದುರಿಗೆ ರಸ್ತೆ ಇಲ್ಲ, ಬರೀ ಹಾಲಿನಂಥ ಬಿಳುಪು. ಹಿಂದೆ ಯಾವುದೋ ಲಾರಿ ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಜುಮಾದಿಲ್ "ಇಲ್ಲ, ಇಲ್ಲ" ಎನ್ನುತ್ತಿದ್ದ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಕೊನೆಗೆ ಅವನು ಸೀಟಿನಲ್ಲೇ ಮೈ ತಿರುಚಿ, ಎಡಗೈಯನ್ನು ಎದೆಯ ಅಡ್ಡಲಾಗಿ ಅವಳ ಕಡೆ ಚಾಚಿದ.

ಆ ಕೈ ಬರುವುದನ್ನು ಅವಳು ಕಂಡಳು. ಸ್ಟೇರಿಂಗ್ ಹಿಡಿಯಲು ಬರುತ್ತಿದ್ದಾನೆ, ಇಬ್ಬರನ್ನೂ ನದಿಗೆ ಹಾಕುತ್ತಾನೆ ಎಂದುಕೊಂಡಳು. ಕೈಯನ್ನು ಹೊಡೆದು ತಳ್ಳಿದಳು.

"ಕೈ ತೆಗಿ. ಸುಮ್ನೆ ಕೂತ್ಕೋ," ಎಂದಳು, ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲಿ.

ಅವನು ಕೈ ಹಿಂದೆಗೆದುಕೊಂಡ. ಸೋತ ಕೈಯನ್ನು ಒಳ್ಳೆಯ ಕೈಯಿಂದ ಮಡಿಲಿಗೆ ಎತ್ತಿಟ್ಟುಕೊಂಡ. ಅವಳು ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯಂಚನ್ನೇ ನೋಡುತ್ತ ತೆವಳಿಕೊಂಡು ಕೊಚ್ಕೋರ್ ಸೇರಿದಳು. ತಲೆವಸ್ತ್ರ ನೆನೆದು ಹಿಮಗಟ್ಟಿತ್ತು. ಅಷ್ಟರಲ್ಲಿ ಅವನ ಸರದಿ ಮುಗಿದಿತ್ತು. ಮಸಾಜಿನ ಹೆಂಗಸು ಬೇರೆ ರೋಗಿಯ ಬಳಿ ಇದ್ದಳು.

ಕೆಲವು ದಿನಗಳ ಮೇಲೆ ತೊಲೊಗೊನ್ ಹಿಟ್ಟು ಒಯ್ಯಲು ಊರಿಗೆ ಬಂದಾಗ ಅವಳು ಮಂಜಿನ ಕಥೆ ಹೇಳಿದಳು. ಅವನು ಕಾರಿನಲ್ಲಿ ಕೂತು ತೋರಿಸಿದ. ಗಾಜಿನ ಚಿತ್ರದ ಗುಂಡಿಗಳು ಎರಡು. ಚೌಕದ್ದು ಹಿಂದಿನ ಗಾಜಿಗೆ. ಅವಳು ಒತ್ತಿದ್ದು ಅದನ್ನು. ಮುಂದಿನ ಗಾಜಿನದು ಬಾಗಿದ ಆಕಾರದ್ದು, ಸಾಲಿನ ಕೊನೆಗೆ, ಸ್ಟೇರಿಂಗಿಗೆ ಅಂಟಿದಂತೆ ಇತ್ತು. ಅವನು ಒತ್ತಿದ ಕೂಡಲೇ ಬಿಸಿಗಾಳಿ ಬುಸ್ಸೆಂದು ಗಾಜಿಗೆ ಹೊಡೆಯಿತು. ಅಂದು ಗಂಡನ ಕೈ ಬರುತ್ತಿದ್ದದ್ದು ನೇರವಾಗಿ ಅಲ್ಲಿಗೇ.

ಅವಳು ಒಳಗೆ ಹೋದಳು. ಜುಮಾದಿಲ್ ಒಲೆಯ ಪಕ್ಕ ಕೂತಿದ್ದ. ಅವಳು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ತಾನು ಹೊಡೆದ ಕೈಯನ್ನು ಹಿಡಿದುಕೊಂಡಳು.

"ನೀನು ಆ ಗುಂಡಿ ತೋರಿಸೋಕೆ ಬಂದಿದ್ದೆ ಅಲ್ವಾ? ನಂಗೆ ಗೊತ್ತಾಗ್ಲಿಲ್ಲ ಕಣೋ. ನನ್ನ ಮೇಲೆ ಸಿಟ್ಟಾ?"

"ಇಲ್ಲ," ಎಂದ ಅವನು.

ಸಿಟ್ಟಿಲ್ಲ ಎಂದನೋ, ಸಿಟ್ಟು ಎಂದನೋ, ಅದಕ್ಕೆ ಬಂದಿರಲಿಲ್ಲ ಎಂದನೋ. ಅವಳು ಅವನ ಮುಖ ನೋಡಿದಳು. ಮುಖ ಒಲೆಯ ಕಡೆಗಿತ್ತು. ಮತ್ತೆ ಕೇಳಿದರೂ ಅದೇ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಎದ್ದು ಚಹಾ ಸೋಸಿದಳು.

ಚಳಿಗಾಲ ಕಳೆಯುವ ಹೊತ್ತಿಗೆ ಅವಳ ಕೈ ನೋಡದೆಯೇ ಗುಂಡಿಗಳನ್ನು ಹುಡುಕುತ್ತಿತ್ತು. ಎಡಗಾಲು ಸುಮ್ಮನಿರಲು ಕಲಿಯಿತು. ಮಂಜುಗಡ್ಡೆಯ ಮೇಲೆ ಬ್ರೇಕನ್ನು ತುಳಿಯಬಾರದು, ಮುಟ್ಟಿ ಮುಟ್ಟಿ ಬಿಡಬೇಕೆಂದು ತಿಳಿಯಿತು. ಗಂಡ ಕೈ ಚಾಚಿದರೆ ಈಗ ಅವಳು ಕಾರು ನಿಧಾನ ಮಾಡಿ ಕಾಯುತ್ತಿದ್ದಳು. ಅವನು ಮಾತ್ರ ಆಮೇಲೆ ಹೆಚ್ಚಾಗಿ ಚಾಚಲಿಲ್ಲ. ಲಾರಿ ದಾಟುವಾಗ ಕತ್ತು ಚಾಚಿ ನೋಡುವ ಕೆಲಸ ಈಗ ಅವನ ಸೀಟಿನದು. ಆದರೆ ಅವನು "ಇಲ್ಲ" ಎಂದರೆ ಎದುರಿಗೆ ಗಾಡಿ ಇಲ್ಲ ಎಂದೋ, ಹೋಗಬೇಡ ಎಂದೋ? ಅದನ್ನು ನಂಬಿ ದಾಟುವಂತಿರಲಿಲ್ಲ. ಅವಳು ಲಾರಿಗಳ ಹಿಂದೆಯೇ, ಹೊಗೆ ಕುಡಿಯುತ್ತ, ಕೊಚ್ಕೋರಿನ ತನಕ ಹೋಗುತ್ತಿದ್ದಳು.

ಹಿಮ ಕರಗಿ ರಸ್ತೆ ಕಪ್ಪಗೆ ಕಾಣತೊಡಗಿದಾಗ ಆಸ್ಪತ್ರೆಯ ವೈದ್ಯೆ ಜುಮಾದಿಲನ ಕೈಕಾಲುಗಳನ್ನು ಮಡಚಿ ಬಿಚ್ಚಿ ನೋಡಿದಳು. ಅವನ ಎದುರಿಗೇ, ಮೆತ್ತಗಿನ ದನಿಯಲ್ಲಿ ಜೂರಾಕಾನಳಿಗೆ ಹೇಳಿದಳು: ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಾನೆ, ಆಗಬಹುದಾದಷ್ಟು ಆಗಿದೆ. ಮಾತು ಇನ್ನು ಬರುವುದು ಕಷ್ಟ.

"ಎಜೆ, ಇನ್ನು ನೀವು ಇಷ್ಟು ದೂರ ಕಷ್ಟಪಟ್ಟು ಬರೋದು ಬೇಡ. ಮನೇಲೇ ಬಿಸಿನೀರಲ್ಲಿ ತಿಕ್ಕಿ ಸಾಕು," ಎಂದಳು. ಎಜೆ ಎಂದರೆ ಅಕ್ಕ. ಆ ಹುಡುಗಿ ಒಳ್ಳೆಯವಳು, ಹೇಳುವಾಗ ಜೂರಾಕಾನಳ ಮೊಣಕೈ ಹಿಡಿದಿದ್ದಳು.

ಮರಳುವ ದಾರಿಯಲ್ಲಿ ಅವಳು ಮತ್ತೆ ಮತ್ತೆ ಅವನ ಕಡೆ ನೋಡಿದಳು. ವೈದ್ಯೆ ಹೇಳಿದ್ದು ಅವನಿಗೆ ತಿಳಿಯಿತೇ, ಎಷ್ಟು ತಿಳಿಯಿತು, ಕೇಳಿ ತಿಳಿಯುವ ಉಪಾಯ ಅವಳಲ್ಲಿರಲಿಲ್ಲ. ಕಲಿತದ್ದೆಲ್ಲ ಯಾವ ದಾರಿಗಾಗಿ ಕಲಿತಳೋ ಆ ದಾರಿಯೇ ಮುಗಿದುಹೋಯಿತಲ್ಲ ಎಂಬ ಯೋಚನೆ ಬಂತು. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮುಂದಿನ ಗುರುವಾರ ಬೆಳಿಗ್ಗೆ ಅವಳು ಹಿಟ್ಟು ನಾದುತ್ತಿದ್ದಳು. ಒಳಗೆ ಕೋಲಿನ ಸದ್ದು ಕೇಳಿ ತಿರುಗಿ ನೋಡಿದರೆ ಜುಮಾದಿಲ್ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ. ಎಡಗೈ ಒಂದರಿಂದಲೇ ಕೋಟನ್ನು ಹೇಗೋ ಅರ್ಧ ತೊಟ್ಟುಕೊಂಡಿದ್ದ. ಒಂದು ತೋಳು ಖಾಲಿ ನೇತಾಡುತ್ತಿತ್ತು. ಕಣ್ಣು ಅಂಗಳದ ಕಾರಿನ ಮೇಲಿತ್ತು.

ಇನ್ನು ಆಸ್ಪತ್ರೆಗೆ ಹೋಗಬೇಕಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಆಮೇಲೆ ಕೈ ತೊಳೆದು ಬಂದು, ಸೋತ ಕೈಯನ್ನು ಖಾಲಿ ತೋಳಿನೊಳಗೆ ಇಳಿಸಿ, ಗುಂಡಿ ಹಾಕಿದಳು.

ಕೊಚ್ಕೋರಿನಲ್ಲಿ ಅವಳು ಆಸ್ಪತ್ರೆಯ ಕಡೆ ತಿರುಗಲಿಲ್ಲ, ಬಜಾರಿನ ಪಕ್ಕ ಕಾರು ನಿಲ್ಲಿಸಿದಳು. ಮಾಂಸದ ಹೂರಣದ ಬಿಸಿ ಸಮ್ಸಾ ತಂದು, ಕಾರಿನಲ್ಲೇ ಕೂತು, ಮಾಂಸದ ರಸ ಗಲ್ಲಕ್ಕೆ ಇಳಿಯದಂತೆ ಚೂರು ಮಾಡಿ ತಿನ್ನಿಸಿದಳು. ಗಾಜಿನಾಚೆ ಜನ ಓಡಾಡುವುದನ್ನು ಅವನು ನೋಡುತ್ತಿದ್ದ. ಯಾರೋ ಹಳೆಯ ಪರಿಚಯದವರು ಅವನನ್ನು ಗುರುತಿಸಿ ಕಿಟಕಿಗೆ ಬಂದು ಸಲಾಂ ಹೇಳಿ, ಉತ್ತರಕ್ಕೆ ಕಾದು, ಪೆಚ್ಚಾಗಿ ಹೋದರು.

ಅಂದಿನಿಂದ ಪ್ರತಿ ಗುರುವಾರ ಅವರು ಕೊಚ್ಕೋರಿನ ಬಜಾರಿಗೆ ಹೋಗುತ್ತಾರೆ. ಚಿಕಿತ್ಸೆ ಹೇಗೆ ನಡೆದಿದೆ ಎಂದು ನೆರೆಯವರು ಕೇಳಿದರೆ ಜೂರಾಕಾನ್ ನಡೀತಾ ಇದೆ ಎನ್ನುತ್ತಾಳೆ.