ತೆರೆಯದ ಜೋಳದ ತೆನೆ

ಮೂಗು ಕಂಪ್ಯೂಟರ್ ಪರದೆಗೆ ತಾಗುವಷ್ಟು ಬಾಗಿ, ಮಸುಕಾದ ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ ನೋಡುತ್ತಿದ್ದರು ನಮ್ಮ ಅಕ್ಕಾರು. ಬನಹಟ್ಟಿಯ ಮಗ್ಗಗಳಿಗೆ ಸೀರೆ ಅಂಚಿನ ಡಿಸೈನ್ ಮಾಡಿಕೊಡುವುದು ಅವರ ಕೆಲಸ. ಕಾಲೇಜು ಮುಗಿಸಿ ನಾನು ಆ ಕೆಲಸ ಕಲಿತದ್ದು ಅವರ ಬಳಿಯೇ. ತಪ್ಪಿದರೆ ಬೈಯುತ್ತಿದ್ದರು, ಬೈದ ಕೂಡಲೇ ಚಹಾ ತರಿಸುತ್ತಿದ್ದರು. "ಚಿತ್ರ ನೋಡಬ್ಯಾಡ ತಂಗಿ, ಎಳಿ ಎಣಸು" ಎನ್ನುವುದು ಅವರ ಮಾತು.

ಡಿಸೈನ್ ಪ್ರೋಗ್ರಾಮ್ ಬದಲಾದಾಗಲೆಲ್ಲ ಅವರು ಹೊಸದನ್ನು ಕಲಿತರು. ಫ್ಲಾಪಿಯಿಂದ ಸೀಡಿಗೆ, ಸೀಡಿಯಿಂದ ಪೆನ್‌ಡ್ರೈವಿಗೆ ತಮ್ಮ ಅಂಚುಗಳನ್ನೆಲ್ಲ ಹೊತ್ತು ತಂದರು. ಆಮೇಲೆ ಆ ಪ್ರೋಗ್ರಾಮ್ ಮಾಡಿದವರೇ ಅಂಗಡಿ ಮುಚ್ಚಿದರು. ಹಳೆಯ ಕಂಪ್ಯೂಟರ್ ಕೆಟ್ಟು ನಿಂತಿತು. ಹೊಸದರಲ್ಲಿ ಫೈಲುಗಳ ಹೆಸರುಗಳು ಕಾಣುತ್ತಿದ್ದವು, ಒಂದೂ ತೆರೆಯಲಿಲ್ಲ.

ಜಮಖಂಡಿಯ ರಿಪೇರಿಯವನು ಕೈಚೆಲ್ಲಿದ. "ಈಗಿನ ಕಂಪ್ಯೂಟರ್‌ನ್ಯಾಗ ಇವು ನಡ್ಯಾಂಗಿಲ್ರೀ. ಹೊಸಾದಾಗಿ ಮಾಡ್ಕೋರಿ."

"ಜೀವಾ ತೇದು ಮಾಡೇನಿ. ಮತ್ತ ಯಾವಾಗ ಮಾಡ್ಲೋ ತಮ್ಮಾ?" ಎಂದರು ಅಕ್ಕಾರು.

ಅಂದಿನಿಂದ ತಮ್ಮ ಅಂಚಿನ ಸೀರೆಗಳನ್ನು ಹುಡುಕಿಕೊಂಡು ಮನೆಮನೆ ಅಲೆದರು. ಭೂತಗನ್ನಡಿ ಇಟ್ಟು ಎಳೆ ಎಣಿಸಿ ಅವರು ಹೇಳಿದ್ದನ್ನು ನಾನು ಹೊಸ ಪ್ರೋಗ್ರಾಮಿನಲ್ಲಿ ಚುಕ್ಕೆ ಚುಕ್ಕೆಯಾಗಿ ತುಂಬುತ್ತಿದ್ದೆ. ಎಷ್ಟೋ ಸೀರೆಗಳು ಅಷ್ಟೊತ್ತಿಗೆ ಕೌದಿಯಾಗಿದ್ದವು, ನೆಲ ಒರೆಸುವ ಅರಿವೆಯಾಗಿದ್ದವು.

ಎಲ್ಲಕ್ಕಿಂತ ಅವರಿಗೆ ಬೇಕಾಗಿದ್ದದ್ದು ಜೋಳದ ತೆನೆಯ ಅಂಚು. ಎಷ್ಟೋ ದಿನದಿಂದ ಭೇಟಿಯಿಲ್ಲದ ರಬಕವಿಯ ಗೆಳತಿಯ ಬಳಿ ಆ ಸೀರೆ ಇದೆಯೆಂದು ಹೊರಟೆವು. ಗೆಳತಿಯ ಸೊಸೆ ಬಾಗಿಲಿಗೆ ಬಂದಳು.

"ಅತ್ತ್ಯಾರು ಹೋಗಿ ವಾರ ಆತ್ರಿ. ಆ ಸೀರಿ ಅಂದ್ರ ಭಾಳ ಜೀವ ಅವರಿಗೆ. ಅದನ್ನ ಉಡಿಸಿ ಮಣ್ಣ ಮಾಡಿದ್ವಿ."

ಅಕ್ಕಾರು ಕಟ್ಟೆಯ ಮೇಲೆ ಕುಸಿದರು. "ಆಕಿ ಹೋಗ್ಯಾಳ. ನಾ ಇಲ್ಲಿ ಸೀರಿ ಕೇಳಾಕ ಬಂದೇನಿ" ಎಂದು ಎದೆ ಬಡಿದುಕೊಂಡರು.

ಆಮೇಲೆ ಅಕ್ಕಾರ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿಯಿತು. ನಾನು ಆಸ್ಪತ್ರೆಗೆ ಹೋದಾಗಲೆಲ್ಲ ಕೇಳುತ್ತಿದ್ದರು, "ತೆನಿ ತೆರೀತೇನು ತಂಗಿ?"

"ಇನ್ನೂ ಇಲ್ಲರಿ ಅಕ್ಕಾರ."

ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರು. ಕೊನೆಯ ಸಲ ಕೇಳಲಿಲ್ಲ. ನನ್ನ ಕೈ ಒತ್ತಿ ಹಿಡಿದು, "ನೀ ಮಾಡಿದ್ದನ್ನ ಬರೇ ಕಂಪ್ಯೂಟರ್‌ನ್ಯಾಗ ಬಿಡಬ್ಯಾಡ. ಒಂದ್ ಗೇಣ ನೇಯ್ಸಿ ಇಟ್ಕೋ" ಎಂದರು. ಮರುದಿನ ಅವರಿರಲಿಲ್ಲ.

ಈಗ ನಾನೇ ಡಿಸೈನ್ ಮಾಡುತ್ತೇನೆ. ಪ್ರತಿಯೊಂದರದೂ ಒಂದು ಗೇಣು ಬಟ್ಟೆ ನನ್ನ ಟ್ರಂಕಿನಲ್ಲಿದೆ. ಅಕ್ಕಾರ ಅಂಚುಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಜೋಳದ ತೆನೆಯದು ಫೈಲು ಮಾತ್ರ ಇದೆ. ಪ್ರೋಗ್ರಾಮ್ ಬದಲಾಗಿ ಹೊಸದು ಬಂದಾಗಲೆಲ್ಲ, ಮೊದಲು ಅದನ್ನೇ ಒತ್ತಿ ನೋಡುತ್ತೇನೆ.