ಅತ್ತೆಯ ವಾಕರಿನ ಬಿಳಿ ಕೊಂಡಿ

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಅವಳ ತಂಗಿ, ನನಗೂ ಇದೆ. ಅವತ್ತು ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮನೆಯ ಮುಂದಿನ ಕೋಣೆಯಲ್ಲಿ ಅವಳದೊಂದು ಪುಟ್ಟ ಮೋಲ್ಡಿಂಗ್ ಮೆಷಿನ್ ಇದೆ. ಮೇಲೆ ಪ್ಲಾಸ್ಟಿಕ್ ಕಾಳು ಸುರಿದು, ಕರಗಿದ ಮೇಲೆ ಹಿಡಿ ಜಗ್ಗಿದರೆ ಅಚ್ಚಿನೊಳಕ್ಕೆ ಇಳಿಯುತ್ತದೆ. ಅಚ್ಚು ಬಿಚ್ಚಿದರೆ ಒಂದು ತುಂಡು. ನೂರಿನ್ನೂರು ತುಂಡು ಸಾಕು ಎನ್ನುವವರನ್ನು ದೊಡ್ಡ ಕಾರ್ಖಾನೆಯವರು ತಲೆಯೆತ್ತಿಯೂ ನೋಡುವುದಿಲ್ಲ. ಅಂಥವರೆಲ್ಲ ಅಕ್ಕನ ಬಾಗಿಲಿಗೆ ಬರುತ್ತಾರೆ. ಜಗ್ಗಿ ಜಗ್ಗಿ ಅವಳ ಬಲ ರಟ್ಟೆ ಎಷ್ಟು ದಪ್ಪಗಾಗಿದೆಯೆಂದರೆ, ದರ್ಜಿ ಎರಡೂ ತೋಳಿಗೆ ಬೇರೆ ಬೇರೆ ಅಳತೆ ತೆಗೆಯುತ್ತಾನೆ.

ಆ ಸಲ ಬಂದವನು ಮುದುಕರ ವಾಕರ್ ತಯಾರಿಸುವವನು. ನಿಂತಾಗ ವಾಕರ್ ಮಡಚಿಕೊಳ್ಳದಂತೆ ಹಿಡಿಯುವ ಕೊಂಡಿ ಅವನಿಗೆ ಬೇಕಿತ್ತು. ಅಕ್ಕ ಹೊಸ ಕಾಳಿನಲ್ಲಿ ಬಿಳಿ ಕೊಂಡಿಯೊಂದನ್ನು ತೆಗೆದು, ಪರೀಕ್ಷೆಗೆಂದು ತನ್ನ ಅತ್ತೆಯ ವಾಕರಿಗೇ ಹಾಕಿದಳು. ಮನೆಯವರು ಬಳಸಿ ನೋಡದ ಮಾಲು ಹೊಸ್ತಿಲು ದಾಟಬಾರದು ಎಂಬುದು ಅವಳ ಹಟ. ಅಷ್ಟರಲ್ಲಿ ಜ್ವರ ಬಂದು ಮಲಗಿದಳು.

"ನೀನು ಮಲಗು, ಉಳಿದದ್ದು ನಾನು ಮುಗಿಸ್ತೀನಿ" ಅಂದ ಭಾವ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಅಕ್ಕ ಎದ್ದು ಬರುವಷ್ಟರಲ್ಲಿ ಡಬ್ಬಗಳು ತುಂಬಿದ್ದವು, ವಾಕರಿನವನು ಒಯ್ಯಲು ಬಂದು ನಿಂತಿದ್ದ. ಅಕ್ಕನನ್ನು ನೋಡಲು ಬಂದಿದ್ದ ನಾನೂ ಅಲ್ಲೇ ಇದ್ದೆ. ಒಳಗಿದ್ದ ಕೊಂಡಿಗಳೆಲ್ಲ ಕಪ್ಪು.

"ಕಪ್ಪು ಯಾಕ್ರೀ?" ಅಕ್ಕ ಭಾವನನ್ನು ಕೇಳಿದಳು.

"ಕೊಳೆ ಕಾಣಲ್ಲ, ಅದಕ್ಕೆ."

ಈ ಕಸುಬಿನಲ್ಲಿ ಕಪ್ಪು ಬಣ್ಣವೆಂದರೆ ನುಂಗಣ್ಣ. ಒಡೆದ ಬಕೆಟ್ಟು, ಮುರಿದ ಕುರ್ಚಿ ಪುಡಿಮಾಡಿ ಬೆರೆಸಿದರೂ ಕಣ್ಣಿಗೆ ಬೀಳುವುದಿಲ್ಲ, ಗಟ್ಟಿತನ ಮಾತ್ರ ಹೋಗಿರುತ್ತದೆ. ಅಕ್ಕನಿಗೆ ಅದು ಗೊತ್ತಿಲ್ಲವೇ?

"ಹಳೇ ಪುಡಿ ಬೆರೆಸಿದೀರಾ?"

"ಜ್ವರ ತಲೆಗೇರಿದೆ ಇವಳಿಗೆ" ಎಂದು ಭಾವ ವಾಕರಿನವನ ಕಡೆ ನೋಡಿ ನಕ್ಕ. ಆ ನಗುವಿಗೆ ನಾನೇ ಒಂದು ಬಾರಿಸಬೇಕಿತ್ತು.

ಅಕ್ಕ ಒಂದು ಕಪ್ಪು ಕೊಂಡಿ ಹಿಡಿದು ಒಳಗೆ ಹೋದಳು. ಅತ್ತೆಯ ವಾಕರಿನಿಂದ ಬಿಳಿಯದನ್ನು ಕಿತ್ತು, ಅಲ್ಲಿ ಕಪ್ಪನ್ನು ಕೂರಿಸಿ, ಅತ್ತೆಯ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದಳು.

"ಬನ್ನಿ ಅತ್ತೆ, ನಿಮ್ಮ ಮಗ ಮಾಡಿರೋ ಕೊಂಡಿ ಇದು. ಹೊರಗಡೆವರೆಗೂ ನಡೀರಿ."

ಅತ್ತೆ ಖುಷಿಯಿಂದ ವಾಕರಿಗೆ ಕೈ ಚಾಚಿದರು.

"ಅಮ್ಮಾ, ಬೇಡ! ಮುಟ್ಟಬೇಡ ಅದನ್ನ!" ಭಾವ ಓಡಿಹೋಗಿ ವಾಕರ್ ಕಿತ್ತುಕೊಂಡ.

ವಾಕರಿನವನು ಎತ್ತಿದ್ದ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟ.

"ಬೇರೆಯವರ ಅಮ್ಮಂದಿರು ಬಿದ್ರೆ ಪರವಾಗಿಲ್ವಾ?" ಅಕ್ಕ ಅರಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಆದರೂ ಅತ್ತೆಯ ಬೆನ್ನಿಗೆ ಕೊಟ್ಟ ಕೈ ತೆಗೆದಿರಲಿಲ್ಲ.

ಅತ್ತೆ ಸೊಸೆಯ ದಪ್ಪ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮಗನ ಕಡೆ ತಿರುಗಿದರು.

"ಮುರಿಯುತ್ತೆ ಅಂತ ನಿಂಗೆ ಗೊತ್ತಿತ್ತೇನೋ?"

ಭಾವ ವಾಕರಿನಿಂದ ಕಪ್ಪು ಕೊಂಡಿಯನ್ನು ಕಿತ್ತು, ಬಿಳಿಯದಕ್ಕಾಗಿ ಅಕ್ಕನತ್ತ ಕೈ ಚಾಚಿದ.